ಹಳೇ ಎಚ್‌ಡಿ 650 ಹೆಡ್‌ಫೋನ್ ದನಿ ತುಂಬಿದ ಹಾಗಿದೆ, ಹೊಸದು ತೆಳು ಅನ್ಸತ್ತೆ, ಯಾಕೆ?

ಪ್ರಶ್ನೆ: ಸರ್, ಎಂಟು ವರ್ಷದಿಂದ ಸೆನ್‌ಹೈಸರ್ ಎಚ್‌ಡಿ 650 ಬಳಸ್ತಿದ್ದೀನಿ, ದಿನಾ ಎರಡ್ಮೂರು ಗಂಟೆ ಕೇಳ್ತೀನಿ. ಹೋದ ವಾರ ಅದೇ ಮಾಡೆಲ್‌ನ ಹೊಸದೊಂದು ತಗೊಂಡೆ. ಒಂದೇ ಆಂಪ್ (ದನಿ ಜೋರು ಮಾಡೋ ಪೆಟ್ಟಿಗೆ), ಒಂದೇ ಹಾಡು, ಆದ್ರೆ ಎರಡೂ ಬೇರೆ ಬೇರೆ ಹೆಡ್‌ಫೋನ್ ಅನ್ನೋ ಹಾಗೆ ಕೇಳ್ತಿವೆ. ಹಳೇದರಲ್ಲಿ ಗಾಯಕರ ದನಿ ತುಂಬಿಕೊಂಡು ಮೆತ್ತಗೆ ಬರತ್ತೆ, ಹೊಸದರಲ್ಲಿ ತೆಳು, ಮೇಲಿನ ಸ್ವರಗಳು ಸ್ವಲ್ಪ ಚುಚ್ತವೆ. ಕಂಪನಿ ಕೈ ಬದಲಾದ್ಮೇಲೆ ಒಳಗಿನ ಡ್ರೈವರ್, ಅಂದ್ರೆ ದನಿ ಹುಟ್ಟಿಸೋ ಭಾಗ, ಬದಲಾಯ್ಸಿದ್ದಾರೆ, ಹಳೇ ವರ್ಷನ್ನೇ ಒಳ್ಳೇದು ಅಂತ ಕೆಲವ್ರು ಹೇಳ್ತಾರೆ. ನಿಜಾನಾ? ನನ್ನ ಕಿವಿಗೇ ಭ್ರಮೆಯಾ? ವಾಪಸ್ ಕಳಿಸೋಕೆ ಇನ್ನು ಹತ್ತು ದಿನ ಟೈಮ್ ಇದೆ.

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, ನಿಮಗೆ ಕೇಳ್ತಿರೋ ವ್ಯತ್ಯಾಸ ಭ್ರಮೆ ಅಂತ ನನಗೆ ಅನ್ಸಲ್ಲ. ಎಂಟು ವರ್ಷ ದಿನಾ ಹಾಕ್ಕೊಂಡಿರೋ ಹೆಡ್‌ಫೋನಿಗೂ ಡಬ್ಬಿಯಿಂದ ಈಗಷ್ಟೇ ತೆಗೆದಿರೋದಕ್ಕೂ ದನಿಯಲ್ಲಿ ವ್ಯತ್ಯಾಸ ಇಲ್ದಿದ್ರೇನೇ ನನಗೆ ಆಶ್ಚರ್ಯ ಆಗ್ತಿತ್ತು. ಆದ್ರೆ ವ್ಯತ್ಯಾಸ ಇದೆ ಅನ್ನೋದು ಒಂದು ಮಾತು, ಅದಕ್ಕೆ ಕಾರಣ ವರ್ಷನ್ ಅನ್ನೋದು ಇನ್ನೊಂದು ಮಾತು, ಈ ಎರಡನ್ನ ಜನ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ, ತೊಂದರೆ ಶುರುವಾಗೋದೇ ಅಲ್ಲಿ. ನಾನು ಇಷ್ಟು ವರ್ಷ ಹೆಡ್‌ಫೋನ್ ಅಳೆಯೋ ಕೆಲಸ ಮಾಡಿ ನೋಡಿರೋ ಪ್ರಕಾರ ಇಂಥ ಹತ್ತಾರು ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ, ಕಿವಿಗೆ ತಾಗೋ ಆ ಸ್ಪಂಜಿನ ಪ್ಯಾಡ್ ಹತ್ರ. ಫ್ಯಾಕ್ಟರಿನ ಬಯ್ಯೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗತ್ತೆ.

ಎರಡನ್ನೂ ಪಕ್ಕ ಪಕ್ಕ ಮೇಜಿನ ಮೇಲೆ ಇಟ್ಟು ಪ್ಯಾಡ್ ನೋಡಿ. ಹೊಸದರದ್ದು ಉಬ್ಬಿಕೊಂಡಿರತ್ತೆ, ಹಳೇದು ಚಪ್ಪಟೆ ಆಗಿ ಹೋಗಿರತ್ತೆ, ಕೆಲವ್ರದ್ದು ಎಷ್ಟು ಕುಸಿದಿರತ್ತೆ ಅಂದ್ರೆ ಕಿವಿ ಒಳಗಿನ ಜಾಲರಿಗೇ ತಾಗ್ತಿರತ್ತೆ. ಹೆಡ್‌ಫೋನಿನಲ್ಲಿ ಪ್ಯಾಡ್ ಅನ್ನೋದು ಬರೀ ಆರಾಮಕ್ಕೆ ಇರೋ ದಿಂಬಲ್ಲ, ಅದು ಸ್ಪೀಕರ್ ಇಟ್ಟಿರೋ ಕೋಣೆಯ ಗೋಡೆ ಇದ್ದ ಹಾಗೆ. ಡ್ರೈವರಿಗೂ ಕಿವಿಗೂ ಮಧ್ಯ ಎಷ್ಟು ದೂರ, ಆ ಜಾಗದಲ್ಲಿ ಎಷ್ಟು ಗಾಳಿ, ಆ ಗಾಳಿ ಪ್ಯಾಡಿನ ಬಟ್ಟೆ ಮತ್ತು ಅಂಚಿನಿಂದ ಎಷ್ಟು ಸೋರಿ ಹೋಗತ್ತೆ, ಇದನ್ನೆಲ್ಲಾ ನಿರ್ಧಾರ ಮಾಡೋದು ಪ್ಯಾಡೇ. ಅದು ಕುಸಿದಾಗ ಡ್ರೈವರ್ ಕಿವಿಗೆ ಕೆಲವು ಮಿಲಿಮೀಟರ್ ಹತ್ತಿರ ಬರತ್ತೆ, ಗಾಳಿಯ ಜಾಗ ಕಮ್ಮಿ ಆಗತ್ತೆ, ಸ್ಪಂಜು ಅಮುಕಿಕೊಂಡು ಗಟ್ಟಿ ಆಗತ್ತೆ, ಎಂಟು ವರ್ಷದ ಬೆವರು ಎಣ್ಣೆ ಹೀರಿಕೊಂಡ ವೆಲ್ವೆಟ್‌ನಲ್ಲಿ ಗಾಳಿ ಮೊದಲಿನಷ್ಟು ಸರಾಗವಾಗಿ ಓಡಾಡಲ್ಲ. ಇದೆಲ್ಲಾ ಸೇರಿ ಬೇಸ್‌ನ (ಕೆಳಗಿನ ಸ್ವರಗಳ) ಪ್ರಮಾಣಾನೂ ಬದಲಾಗತ್ತೆ, ಹಾಡೋರ ದನಿ ಮುಂದೆ ಬಂದ ಹಾಗೆ ಅಥ್ವಾ ಹಿಂದೆ ಸರಿದ ಹಾಗೆ ಮಾಡೋ 2ರಿಂದ 5 ಕಿಲೋಹರ್ಟ್ಜ್ (ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನ) ಭಾಗಾನೂ ಬದಲಾಗತ್ತೆ. ಮನುಷ್ಯನ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ, ಅದರ ಸಹಜ ಅನುರಣನ, ಅಂದ್ರೆ ದನಿ ತಾನಾಗೇ ಹೆಚ್ಚಾಗೋ ಜಾಗ, 3 ಕಿಲೋಹರ್ಟ್ಜ್ ಆಸುಪಾಸಲ್ಲಿ ಬರತ್ತೆ, ಅಂದ್ರೆ ನಮ್ಮ ಕಿವಿ ಅತಿ ಚುರುಕಾಗಿರೋ ಜಾಗದಲ್ಲೇ ಈ ಬದಲಾವಣೆ ಕೂತಿರತ್ತೆ, ಹಾಗಾಗಿ ಅಳತೆಯ ಗ್ರಾಫ್‌ನಲ್ಲಿ ಸಣ್ಣದಾಗಿ ಕಂಡಿದ್ದೂ ಹಾಡು ಕೇಳುವಾಗ ಎದ್ದು ಕಾಣತ್ತೆ.

ಇನ್ನೂ ಒಂದು ವಿಷಯ. ಈ ಬದಲಾವಣೆ ಎಂಟು ವರ್ಷದಲ್ಲಿ ದಿನಾ ಒಂದೊಂದು ಕೂದಲೆಳೆಯಷ್ಟು ಆಗಿದ್ದು, ನಿಮಗೆ ಯಾವತ್ತೂ ಗೊತ್ತಾಗಿಲ್ಲ, ಮೆದುಳು ಪ್ರತಿ ದಿನದ ದನಿಯನ್ನೇ ಸರಿಯಾದ ದನಿ ಅಂತ ಒಪ್ಕೊಂಡು ಬಂದಿದೆ. ಈಗ ಹೊಸದು ಬಂತು. ಹೊಸದು ಬದಲಾಗಿದೆ ಅಂತ ನಿಮಗೆ ಅನ್ಸತ್ತೆ, ಆದ್ರೆ ಬದಲಾಗಿರೋದು ಹಳೇದು. ನೀವು ಮೊದಲ ದಿನ ಇಷ್ಟಪಟ್ಟು ಕೊಂಡಿದ್ದು ಹೊಸದರ ಹತ್ತಿರದ ದನಿಯನ್ನೇ ಇರ್ಬಹುದು, ಅದು ನೆನಪಿಲ್ಲ ಅಷ್ಟೆ.

ಪ್ಯಾಡ್ ಬಿಟ್ರೆ ತಲೆಪಟ್ಟಿಯ ಬಿಗಿ. ಈ ಮಾಡೆಲ್ ಹೊಸದಾಗಿದ್ದಾಗ ತಲೆಯನ್ನ ಗಟ್ಟಿಯಾಗಿ ಹಿಡೀತದೆ, ಬಳಸ್ತಾ ಬಳಸ್ತಾ ಸಡಿಲ ಆಗತ್ತೆ. ಬಿಗಿ ಬದಲಾದ್ರೆ ಪ್ಯಾಡ್ ಎಷ್ಟು ಒತ್ತುತ್ತೆ ಅನ್ನೋದು ಬದಲಾಗತ್ತೆ, ಅಂದ್ರೆ ಮತ್ತೆ ಅದೇ ದೂರ ಅದೇ ಗಾಳಿಯ ಕತೆ. ಕನ್ನಡಕ ಹಾಕೋರಾದ್ರೆ ಅದರ ಕಡ್ಡಿ ಪ್ಯಾಡ್ ಕೆಳಗೆ ಸಣ್ಣ ಸಂದು ಮಾಡತ್ತೆ, ಹಿಂಬದಿ ಮುಚ್ಚಿರೋ ಹೆಡ್‌ಫೋನ್‌ಗಳಲ್ಲಿ ಅಷ್ಟಕ್ಕೇ ಬೇಸ್ ಧಡಕ್ಕಂತ ಇಳಿಯತ್ತೆ, ನಿಮ್ಮ ಹಾಗೆ ಹಿಂಬದಿ ತೆರೆದಿರೋದರಲ್ಲಿ ಪರಿಣಾಮ ಅಷ್ಟು ಜೋರಾಗಿರಲ್ಲ.

ಟ್ರೆಬಲ್, ಅಂದ್ರೆ ಮೇಲಿನ ಸ್ವರಗಳ ಬಗ್ಗೆ ಬೇರೆಯಾಗೇ ಹೇಳ್ಬೇಕು, ಯಾಕಂದ್ರೆ "ಚುಚ್ತವೆ" ಅಂದಿದ್ದೀರಿ. 100 ಹರ್ಟ್ಜ್ ದನಿಯ ಒಂದು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ ಇರತ್ತೆ, ಅದಕ್ಕೆ ಹೆಡ್‌ಫೋನ್ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೆ ಏನೂ ಅಲ್ಲ. 10 ಕಿಲೋಹರ್ಟ್ಜ್ ಅಲೆ ಬರೀ 3.4 ಸೆಂಟಿಮೀಟರ್. ಅದು ಹೊರಕಿವಿಯ ಮಡಿಕೆಗಳಿಗೆ ಬಡಿದು, ಡ್ರೈವರ್ ಕಡೆಗೆ ವಾಪಸ್ ಹೋಗಿ, ಒಂದಕ್ಕೊಂದು ಸೇರಿ ಕೆಲವು ಕಡೆ ಹೆಚ್ಚಾಗಿ ಕೆಲವು ಕಡೆ ಸತ್ತು ಹೋಗತ್ತೆ, ಇಲ್ಲಿ ಮಿಲಿಮೀಟರ್ ಲೆಕ್ಕಕ್ಕೆ ಬರತ್ತೆ. ಹೆಡ್‌ಫೋನನ್ನ ಸ್ವಲ್ಪ ಮುಂದೆ ತಳ್ಳಿ, ಸ್ವಲ್ಪ ಹಿಂದೆ ಎಳೀರಿ, ತಾಳದ ದನಿ ಹೇಗೆ ಬಣ್ಣ ಬದಲಾಯಿಸತ್ತೆ ಅಂತ ನೀವೇ ಕೇಳ್ತೀರಿ. ಅಳೆಯುವಾಗ್ಲೂ ಇದೇ ಕಾಟ, ಒಂದೇ ಹೆಡ್‌ಫೋನನ್ನ ಕೃತಕ ಕಿವಿಯ ಮೇಲೆ ತೆಗೆದು ಮತ್ತೆ ಇಟ್ರೆ 8 ಕಿಲೋಹರ್ಟ್ಜ್ ಮೇಲಿನ ಗೆರೆ ಪ್ರತಿ ಸಲ ಬೇರೆ ಕಡೆ ಹೋಗತ್ತೆ, ಅದಕ್ಕೇ ನಾವು ಹಲವು ಸಲ ತೆಗೆದಿಟ್ಟು ಸರಾಸರಿ ತಗೊಳ್ತೀವಿ. ಯಾರಾದ್ರೂ ಹಳೇ ವರ್ಷನ್ನು ಹೊಸ ವರ್ಷನ್ನು ಅಂತ ಎರಡು ಗ್ರಾಫ್ ತೋರಿಸಿ "ನೋಡಿ ಟ್ರೆಬಲ್ ಎಷ್ಟು ಬದಲಾಗಿದೆ" ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ, ಪ್ರತಿಯೊಂದನ್ನೂ ಎಷ್ಟು ಸಲ ತೆಗೆದಿಟ್ಟು ಅಳೆದ್ರಿ? ಎರಡನೇ ಪ್ರಶ್ನೆ, ಪ್ಯಾಡ್ ಹೊಸದಾ ಹಳೇದಾ? ಈ ಎರಡಕ್ಕೂ ಉತ್ತರ ಇಲ್ದಿದ್ರೆ ಆ ಗ್ರಾಫ್ ವರ್ಷನ್ ಬಗ್ಗೆ ಏನನ್ನೂ ಹೇಳ್ತಿಲ್ಲ.

ಈಗ ವಾಲ್ಯೂಮ್. ಎರಡು ದನಿಗಳಲ್ಲಿ ಒಂದು ಅರ್ಧದಿಂದ ಒಂದು ಡೆಸಿಬೆಲ್ ಜೋರಿದ್ರೆ ನಮಗೆ ಅದು ಜೋರು ಅಂತ ಅನ್ಸೋದೇ ಇಲ್ಲ, ಸ್ಪಷ್ಟ ಅನ್ಸತ್ತೆ, ತುಂಬಿದೆ ಅನ್ಸತ್ತೆ, ಜೀವ ಇದೆ ಅನ್ಸತ್ತೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ರು, ದನಿಯ ಮಟ್ಟ ಏರಿದ ಹಾಗೆ ಕೆಳಗಿನ ಸ್ವರಗಳು ನಮ್ಮ ಕಿವಿಗೆ ಉಳಿದವಕ್ಕಿಂತ ಬೇಗ ಜೋರಾಗ್ತವೆ ಅಂತ. ಅಂದ್ರೆ ವಾಲ್ಯೂಮ್ ಬದಲಾದ್ರೆ ದನಿಯ ಬಣ್ಣಾನೂ ಬದಲಾದ ಹಾಗೆ ಕೇಳತ್ತೆ. ಆಂಪ್‌ನ ನಾಬ್ ಒಂದೇ ಜಾಗದಲ್ಲಿ ಇತ್ತು ಅಂದ ಮಾತ್ರಕ್ಕೆ ಎರಡು ಹೆಡ್‌ಫೋನಿನ ದನಿ ಒಂದೇ ಮಟ್ಟದಲ್ಲಿತ್ತು ಅಂತ ಅಲ್ಲ, ಡ್ರೈವರ್‌ನಿಂದ ಡ್ರೈವರ್‌ಗೆ ಸ್ವಲ್ಪ ಹೆಚ್ಚು ಕಮ್ಮಿ ಇದ್ದೇ ಇರತ್ತೆ, ಪ್ಯಾಡ್ ಕುಸಿದಿದ್ರಿಂದ ಇನ್ನೊಂದಿಷ್ಟು.

ಒಂದೇ ಹೆಸರಲ್ಲಿ ಬೇರೆ ಬೇರೆ ಓಮ್‌ನಲ್ಲಿ (ವಿದ್ಯುತ್ತಿಗೆ ಒಡ್ಡೋ ತಡೆಯ ಅಳತೆ) ಮಾರೋ ಹೆಡ್‌ಫೋನ್‌ಗಳಲ್ಲಂತೂ ಇದು ವಿಪರೀತ. ಬೇಯರ್‌ಡೈನಾಮಿಕ್‌ನ ಡಿಟಿ 990 ತಗೊಳ್ಳಿ, 32, 250, 600 ಓಮ್ ಅಂತ ಬಂದಿವೆ. ಒಂದು ಮಿಲಿವ್ಯಾಟ್‌ಗೆ ಮೂರೂ ಒಂದೇ ಮಟ್ಟದಲ್ಲಿ ಕೇಳತ್ತೆ ಅಂತಲೇ ಇಟ್ಕೊಳ್ಳಿ, ಆಂಪ್‌ನಿಂದ ಒಂದೇ ವೋಲ್ಟೇಜ್ ಬಂದ್ರೆ 250 ಓಮ್‌ನದ್ದು 32ರದ್ದಕ್ಕಿಂತ ಸುಮಾರು 9 ಡೆಸಿಬೆಲ್ ಕೆಳಗೆ ಇರತ್ತೆ, 600ರದ್ದು ಇನ್ನೂ ಸುಮಾರು 4 ಡೆಸಿಬೆಲ್ ಕೆಳಗೆ. ನಾಬ್ ಮುಟ್ಟದೆ ಕೇಬಲ್ ಬದಲಾಯ್ಸಿ ಕೇಳಿದವ್ರು ಹೋಲಿಸಿದ್ದು ವರ್ಷನ್‌ಗಳನ್ನಲ್ಲ, ವಾಲ್ಯೂಮನ್ನ. ಇದರ ಜೊತೆ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಆಂಪ್‌ನ ಒಳಗಿನದ್ದೇ ತಡೆ, ಅಂತ ಒಂದಿದೆ. ನಿಮ್ಮ ಎಚ್‌ಡಿ 650 ಹೆಸರಿಗೆ 300 ಓಮ್, ಆದ್ರೆ 100 ಹರ್ಟ್ಜ್ ಹತ್ರ ಅದು 500 ಓಮ್ ಆಸುಪಾಸಿಗೆ ಏರತ್ತೆ, ಹಾಗಾಗಿ 120 ಓಮ್ ಔಟ್‌ಪುಟ್ ಇರೋ ಹಳೇ ಕಾಲದ ಆಂಪ್‌ಗೆ ಹಾಕಿದ್ರೆ ಆ ಜಾಗದಲ್ಲಿ ಬೇಸ್ ಸುಮಾರು ಒಂದು ಡೆಸಿಬೆಲ್ ಉಬ್ಬತ್ತೆ. ನೀವು ಒಂದೇ ಆಂಪ್ ಅಂದಿದ್ದೀರಿ, ಎರಡಕ್ಕೂ ಅದೇ ಉಬ್ಬು ಬರತ್ತೆ, ಹಾಗಾಗಿ ನಿಮ್ಮ ವಿಷಯದಲ್ಲಿ ಇದನ್ನ ಬಿಟ್ಬಿಡೋಣ.

ಇನ್ನು ಮೆದುಳಿನ ವಿಷಯ. ಇದನ್ನ ಹೇಳಿದ್ರೆ ಎಷ್ಟೋ ಜನಕ್ಕೆ ಅವಮಾನ ಮಾಡಿದ ಹಾಗೆ ಅನ್ಸತ್ತೆ, ದಯವಿಟ್ಟು ಹಾಗೆ ತಗೋಬೇಡಿ, ಇದು ಎಲ್ಲರ ಮೆದುಳೂ ಕೆಲಸ ಮಾಡೋ ರೀತಿ. ಷಾನ್ ಆಲಿವ್ ಅಂತ ಹರ್ಮನ್ ಕಂಪನಿಯಲ್ಲಿ ದನಿ ಸಂಶೋಧನೆ ಮಾಡ್ತಿದ್ದವ್ರು 1994ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟ ಮಾಡಿದ್ರು, ಅದೇ ಕಂಪನಿಯ 40 ಜನ ಉದ್ಯೋಗಿಗಳಿಗೆ ನಾಲ್ಕು ಲೌಡ್‌ಸ್ಪೀಕರ್‌ಗಳನ್ನ ಒಮ್ಮೆ ಪರದೆ ಹಿಂದೆ ಇಟ್ಟು, ಒಮ್ಮೆ ಕಣ್ಣಿಗೆ ಕಾಣೋ ಹಾಗೆ ಇಟ್ಟು ಕೇಳಿಸಿದ್ದು. ಕಣ್ಣಿಗೆ ಕಂಡಾಗ ಕೊಟ್ಟ ಅಂಕಗಳೇ ಬೇರೆ, ಪರದೆ ಎಳೆದಾಗ ಕೊಟ್ಟಿದ್ದೇ ಬೇರೆ, ಕೇಳೋದ್ರಲ್ಲಿ ಅನುಭವ ಇದ್ದೋರಿಗೂ ಹೀಗೇ ಆಯ್ತು. ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂತಾರಲ್ಲ, ಕಿವಿಯಾರೆ ಕೇಳಿದ್ದಕ್ಕೂ ಅದೇ ಮಾತು. ನನಗೂ ಹೀಗೆ ಆಗಿದೆ. ಒಂದು ಹೆಡ್‌ಫೋನಿನ ಎರಡು ಬ್ಯಾಚ್‌ಗಳ ಮಧ್ಯ ಗೆರೆ ಕೊಯ್ದ ಹಾಗೆ ವ್ಯತ್ಯಾಸ ಇದೆ ಅಂತ ವಾರಗಟ್ಟಲೆ ನಂಬಿ ಟಿಪ್ಪಣಿ ಬರ್ಕೊಂಡಿದ್ದೆ, ಆಮೇಲೆ ಎರಡಕ್ಕೂ ಹೊಸ ಪ್ಯಾಡ್ ಹಾಕಿ ಅಳೆದಾಗ ಗೆರೆಗಳು ಹೆಚ್ಚುಕಮ್ಮಿ ಒಂದರ ಮೇಲೊಂದು ಬಂದು ಕೂತ್ವು. ಆ ಟಿಪ್ಪಣಿಗಳನ್ನ ಇವತ್ತೂ ಇಟ್ಕೊಂಡಿದ್ದೀನಿ.

ನೆನಪಿನದ್ದೂ ಒಂದು ಮಿತಿ ಇದೆ. ದನಿಯ ಸೂಕ್ಷ್ಮ ಬಣ್ಣ ನಮ್ಮ ನೆನಪಲ್ಲಿ ಹಸಿಯಾಗಿ ಉಳಿಯೋದು ಕೆಲವೇ ಸೆಕೆಂಡು. ಒಂದು ಹೆಡ್‌ಫೋನ್ ತೆಗೆದು, ಕೇಬಲ್ ಕಿತ್ತು, ಇನ್ನೊಂದು ಹಾಕಿ, ಹಾಡನ್ನ ಮೊದಲಿಂದ ಹಚ್ಚೋ ಹೊತ್ತಿಗೆ ಅದು ಹೋಗಿರತ್ತೆ, ಉಳಿಯೋದು "ಅದು ಚೆನ್ನಾಗಿತ್ತು" ಅನ್ನೋ ಅಭಿಪ್ರಾಯ ಮಾತ್ರ.

2019ರಲ್ಲಿ ಬೋಸ್ ಕಂಪನಿಯ ಕ್ಯೂಸಿ 35 ಹೆಡ್‌ಫೋನ್ ವಿಷಯದಲ್ಲಿ ಆದದ್ದು ಈ ಎಲ್ಲಾ ಗಂಟುಗಳೂ ಒಟ್ಟಿಗೆ ಸೇರ್ಕೊಂಡ ಪ್ರಸಂಗ. 4.5.2 ಅನ್ನೋ ಸಾಫ್ಟ್‌ವೇರ್ ಅಪ್‌ಡೇಟ್ ಬಂದ್ಮೇಲೆ ಹೊರಗಿನ ಸದ್ದು ತಡೆಯೋ ಶಕ್ತಿ ಕುಗ್ಗಿದೆ ಅಂತ ತುಂಬಾ ಜನ ದೂರಿದ್ರು. ಕಂಪನಿ ಕೆಲವು ಬಳಕೆದಾರರ ಮನೆಗೇ ಹೋಗಿ ಪರೀಕ್ಷೆ ಮಾಡ್ತು, ಅಪ್‌ಡೇಟ್‌ನಿಂದ ಅದು ಕುಗ್ಗಿಲ್ಲ ಅಂತ ಹೇಳ್ತು, ಸರಿಯಾಗಿ ಕೂರದ ಪ್ಯಾಡ್‌ಗಳು, ಬೇರೆಯವ್ರು ಮಾಡಿದ ಪ್ಯಾಡ್‌ಗಳು ಇಂಥ ಕಾರಣಗಳನ್ನ ಮುಂದಿಡ್ತು. ಇದು ಕಂಪನಿಯದ್ದೇ ಮಾತು, ಅದನ್ನ ಕಣ್ಮುಚ್ಚಿ ನಂಬಿ ಅಂತ ನಾನು ಹೇಳ್ತಿಲ್ಲ. ಆದ್ರೆ ಸಾಫ್ಟ್‌ವೇರ್ ಇರೋ ಹೆಡ್‌ಫೋನಿನಲ್ಲೂ ಹುಡುಕಾಟ ಪ್ಯಾಡ್ ಹತ್ರಾನೇ ಬಂತು ಅನ್ನೋದನ್ನ ಗಮನಿಸಿ. ನಿಮ್ಮದರಲ್ಲಿ ಸಾಫ್ಟ್‌ವೇರೇ ಇಲ್ಲ.

ಹಾಗಾದ್ರೆ ಕಂಪನಿಗಳು ಒಳಗೊಳಗೆ ಏನೂ ಬದಲಾಯಿಸಲ್ವಾ ಅಂದ್ರೆ, ಬದಲಾಯಿಸ್ತಾರೆ, ಇದನ್ನ ಅಲ್ಲಗಳೆಯೋದು ಅಪ್ರಾಮಾಣಿಕ ಆಗತ್ತೆ. ಬಿಡಿಭಾಗ ಕೊಡೋರು ಬದಲಾಗ್ತಾರೆ, ಒಳಗೆ ಕಂಪನ ತಗ್ಗಿಸೋ ಡ್ಯಾಂಪಿಂಗ್ ಬಟ್ಟೆ ಬದಲಾಗತ್ತೆ. ಎಚ್‌ಡಿ 650 ಬಂದಿದ್ದು 2003ರಲ್ಲಿ, ಶುರುವಿನ ಬ್ಯಾಚ್‌ಗಳಲ್ಲಿ ಡ್ರೈವರ್ ಮೇಲಿನ ಬಲೆ ಕಪ್ಪು, ಆಮೇಲಿನವುಗಳಲ್ಲಿ ಬೆಳ್ಳಿ ಬಣ್ಣ, ಅದರ ಸುತ್ತ ಎಷ್ಟೋ ವಾದ ನಡೆದಿದೆ. ಆದ್ರೆ ಆ ಬಲೆಯ ಬದಲಾವಣೆ ತುಂಬಾ ಹಳೇದು, ಎಂಟು ವರ್ಷದ ಹಿಂದೆ ಕೊಂಡಿರೋ ನಿಮ್ಮದು ಬೆಳ್ಳಿ ಬಲೆಯದ್ದೇ ಇರ್ಬೇಕು, ಪ್ಯಾಡ್ ತೆಗೆದಾಗ ನೋಡ್ಕೊಳ್ಳಿ. ಕೈ ಬದಲಾಗಿದ್ದೂ ನಿಜ, ಸ್ವಿಟ್ಜರ್ಲೆಂಡಿನ ಸೊನೊವಾ ಅನ್ನೋ ಶ್ರವಣಯಂತ್ರದ ಕಂಪನಿ ಸೆನ್‌ಹೈಸರ್‌ನ ಗ್ರಾಹಕ ವಿಭಾಗವನ್ನ ಕೊಳ್ಳೋದಾಗಿ 2021ರಲ್ಲಿ ಘೋಷಿಸಿ 2022ರಲ್ಲಿ ಮುಗಿಸ್ತು. ಆದ್ರೆ ಮಾಲೀಕರು ಬದಲಾದ್ರು ಅನ್ನೋದರಿಂದ ಡ್ರೈವರ್ ಬದಲಾಯ್ತು ಅನ್ನೋದಕ್ಕೆ ಹಾರೋಕಾಗಲ್ಲ, ಮಧ್ಯ ಅಳತೆ ಅನ್ನೋ ಮೆಟ್ಟಿಲಿದೆ. ಡ್ರಾಪ್ ಅನ್ನೋ ಮಾರಾಟಗಾರರ ಜೊತೆ ಸೇರಿ 2016ರಲ್ಲಿ ತಂದ ಎಚ್‌ಡಿ 6ಎಕ್ಸ್‌ಎಕ್ಸ್ ಕೂಡ ಹೆಸರು, ಬಣ್ಣ, ಕೇಬಲ್ ಬಿಟ್ರೆ 650ನೇ, ಅದರ ಬಗ್ಗೆಯೂ "ಅದೇ ದನಿ ಅಲ್ಲ" ಅನ್ನೋ ಮಾತು ಇವತ್ತಿಗೂ ನಿಂತಿಲ್ಲ.

ಒಂದು ವರ್ಷನ್ ನಿಜವಾಗ್ಲೂ ಬೇರೆ ಥರ ಕೇಳಿದ್ರೆ ಸಾಮಾನ್ಯವಾಗಿ ಅದಕ್ಕೆ ಕೈಯಿಂದ ಮುಟ್ಟಿ ತೋರಿಸೋ ಕಾರಣ ಇರತ್ತೆ. 2009ರ ಎಚ್‌ಡಿ 800ಕ್ಕೂ ಆಮೇಲೆ ಬಂದ ಎಚ್‌ಡಿ 800 ಎಸ್‌ಗೂ ವ್ಯತ್ಯಾಸ ಇದೆ, ಹಳೇದರಲ್ಲಿ 6 ಕಿಲೋಹರ್ಟ್ಜ್ ಹತ್ರ ಒಂದು ಚೂಪಾದ ಶಿಖರ ಇತ್ತು, ಎಸ್‌ನಲ್ಲಿ ಆ ಅನುರಣನವನ್ನ ಹೀರಿಕೊಳ್ಳೋ ಒಂದು ಭಾಗ ಸೇರಿಸಿದ್ರು, ಶಿಖರ ಇಳೀತು, ಅಳತೆಯಲ್ಲೂ ಕಾಣತ್ತೆ, ಕಿವಿಗೂ ಗೊತ್ತಾಗತ್ತೆ. ಕಂಪನಿ ಯಾರ ಕೈಯಲ್ಲಿದೆ ಅನ್ನೋದು ಅಂಥ ಕಾರಣ ಅಲ್ಲ.

ಈಗ ನೀವು ಮಾಡ್ಬೇಕಾದ್ದು. ಎರಡರದ್ದೂ ಪ್ಯಾಡ್ ಕಳಚಿ ಅದಲು ಬದಲು ಮಾಡಿ. ಈ ಮಾಡೆಲ್‌ನಲ್ಲಿ ಪ್ಯಾಡ್ ಸಣ್ಣ ಕೊಕ್ಕೆಗಳಲ್ಲಿ ಕೂತಿರತ್ತೆ, ಅಂಚಿಗೆ ಬೆರಳು ಹಾಕಿ ಮೆಲ್ಲಗೆ ಎಳೆದ್ರೆ ಬರತ್ತೆ, ಹಾಕುವಾಗ ಸುತ್ತಲೂ ಒತ್ತಿ ಎಲ್ಲಾ ಕೊಕ್ಕೆನೂ ಟಕ್ ಅಂತ ಕೂತಿದ್ಯಾ ನೋಡಿ, ಒಂದು ಕೂರದಿದ್ರೂ ಲೆಕ್ಕ ತಪ್ಪತ್ತೆ. ಆಮೇಲೆ ಕೇಳಿ. ಆ ತುಂಬಿದ ದನಿ ಹಳೇ ಪ್ಯಾಡ್ ಜೊತೆ ಹೊಸ ಹೆಡ್‌ಫೋನಿಗೆ ನಡ್ಕೊಂಡು ಹೋಯ್ತಾ? ಹೋದ್ರೆ ಉತ್ತರ ಸಿಕ್ತು, ವರ್ಷನ್‌ದು ಏನೂ ತಪ್ಪಿಲ್ಲ. ಪ್ಯಾಡ್ ಬದಲಾದ್ರೂ ವ್ಯತ್ಯಾಸ ಹೆಡ್‌ಫೋನ್ ಜೊತೆಗೇ ಉಳೀತು ಅಂದ್ರೆ ಆಗ ಮುಂದೆ ನೋಡೋಣ. ಪ್ಯಾಡ್ ತೆಗೆದಾಗ ಒಳಗಿರೋ ತೆಳು ಸ್ಪಂಜು ಹಾಳೆಯನ್ನೂ ನೋಡಿ, ಎಂಟು ವರ್ಷದಲ್ಲಿ ಅದು ಪುಡಿಯಾಗಿ ಹೋಗಿರೋದೂ ಉಂಟು, ಧೂಳು ಕೂತಿರೋದೂ ಉಂಟು. ಮತ್ತೆ ಹೆಡ್‌ಫೋನನ್ನ ಎಡಬಲ ತಿರುಗಿಸಿ ಹಾಕ್ಕೊಂಡು ಮೋನೋ ದನಿ (ಎರಡೂ ಕಿವಿಗೆ ಒಂದೇ ದನಿ) ಕೇಳಿ, ದನಿ ಮೊದಲು ಒಂದು ಪಕ್ಕಕ್ಕೆ ವಾಲ್ತಿದ್ದು ಈಗ ಇನ್ನೊಂದು ಪಕ್ಕಕ್ಕೆ ವಾಲಿದ್ರೆ ಒಂದು ಕಡೆಯ ಡ್ರೈವರ್ ಅಥ್ವಾ ಆಂಪ್‌ನ ಒಂದು ಕಡೆ ದುರ್ಬಲ ಅಂತ, ಹಳೇದರಲ್ಲಿ ವಾಲದೆ ಹೊಸದರಲ್ಲಿ ಮಾತ್ರ ಕಂಡ್ರೆ ವಾಪಸ್ ಕಳಿಸೋಕೆ ಸರಿಯಾದ ಕಾರಣ. ತಿರುಗಿಸಿದ್ರೂ ಅದೇ ಪಕ್ಕಕ್ಕೆ ವಾಲ್ತಿದ್ರೆ ಅದು ಹೆಡ್‌ಫೋನಿಂದಲ್ಲ.

ವಾಲ್ಯೂಮ್ ಸರಿ ಮಾಡೋಕೆ ಒಂದು ಸುಲಭ ಉಪಾಯ ಇದೆ. ದಪ್ಪ ರಟ್ಟಿನ ತುಂಡಿಗೆ ಮಧ್ಯ ತೂತು ಮಾಡಿ ಸಣ್ಣ ಮೈಕ್ ಒಂದನ್ನ ರಟ್ಟಿನ ಮೇಲ್ಮೈಗೆ ಸಮವಾಗಿ ಕೂರಿಸಿ, ಹೆಡ್‌ಫೋನಿನ ಒಂದು ಕಪ್ಪನ್ನ ಅದರ ಮೇಲೆ ಒತ್ತಿಟ್ಟು ಪಿಂಕ್ ನಾಯ್ಸ್ (ಎಲ್ಲಾ ಸ್ವರಗಳೂ ಸೇರಿರೋ ಪರೀಕ್ಷೆಯ ಸದ್ದು) ಹಾಕಿ ರೆಕಾರ್ಡ್ ಮಾಡಿ, ಇನ್ನೊಂದನ್ನೂ ಅದೇ ಜಾಗದಲ್ಲಿ ಇಟ್ಟು ಮಾಡಿ, ಎರಡರ ಮಟ್ಟ ಒಂದೇ ಆಗೋವರೆಗೂ ಆಂಪ್ ಹೊಂದಿಸಿ. ಇದರಲ್ಲಿ ಬರೋ ಗ್ರಾಫನ್ನ ಬೇರೆಯವ್ರ ಗ್ರಾಫ್ ಜೊತೆ ಹೋಲಿಸೋಕೆ ಹೋಗ್ಬೇಡಿ, ರಟ್ಟು ಕಿವಿ ಅಲ್ಲ. ಆದ್ರೆ ನಿಮ್ಮ ಎರಡು ಹೆಡ್‌ಫೋನನ್ನ ಒಂದಕ್ಕೊಂದು ಹೋಲಿಸೋಕೆ ಇದು ಧಾರಾಳ ಸಾಕು.

ಕಣ್ಣು ಮುಚ್ಚಿ ಕೇಳೋ ಪರೀಕ್ಷೆ ಮಾಡ್ಬೇಕು ಅನ್ಸಿದ್ರೆ ಹೆಡ್‌ಫೋನಿನಲ್ಲಿ ಒಂದು ದೊಡ್ಡ ತೊಡಕು ಇದೆ, ಕಣ್ಣು ಕಟ್ಟಿದ್ರೂ ತಲೆಗೆ ಗೊತ್ತಾಗತ್ತೆ, ಹೊಸದು ಬಿಗಿ ಹಳೇದು ಸಡಿಲ. ಆಲಿವ್ ಅವ್ರ ತಂಡ ಈ ತೊಡಕಿಗೇ ಅಂತ ಬೇರೆ ಬೇರೆ ಹೆಡ್‌ಫೋನಿನ ದನಿಯನ್ನ ಈಕ್ವಲೈಸರ್ (ಸ್ವರಗಳ ಮಟ್ಟ ಬೇರೆ ಬೇರೆಯಾಗಿ ಏರಿಳಿಸೋ ಸಾಧನ) ಮೂಲಕ ಒಂದೇ ಹೆಡ್‌ಫೋನಿನಲ್ಲಿ ನುಡಿಸೋ ದಾರಿ ಹಿಡೀತು. ನೀವು ಮನೇಲಿ ಮಾಡೋದಾದ್ರೆ ಬೇರೆಯವ್ರ ಕೈಯಲ್ಲಿ ಹೆಡ್‌ಫೋನನ್ನ ಕಿವಿಗೆ ಹಿಡಿಸ್ಕೊಳ್ಳಿ, ಹತ್ತು ಸಲ ಯಾವುದು ಯಾವುದು ಅಂತ ಹೇಳಿ, ಹಿಡಿದೋರು ಬರ್ಕೊಳ್ಲಿ. ಹತ್ತಕ್ಕೆ ಏಳು ಸರಿ ಬಂತು ಅಂತ ತೀರ್ಮಾನಕ್ಕೆ ಬರ್ಬೇಡಿ, ಸುಮ್ನೆ ನಾಣ್ಯ ಚಿಮ್ಮಿದ್ರೂ ಆರರಲ್ಲಿ ಒಂದು ಸಲ ಏಳೋ ಅದಕ್ಕಿಂತ ಹೆಚ್ಚೋ ಬರತ್ತೆ. ಒಂಬತ್ತು ಬಂದ್ರೆ ಮಾತು ಬೇರೆ, ಅದು ಅದೃಷ್ಟದಿಂದ ಬರೋ ಸಾಧ್ಯತೆ ನೂರಕ್ಕೆ ಒಂದರಷ್ಟು.

ವಾಪಸ್ ಕಳಿಸೋ ವಿಷಯ: ಪ್ಯಾಡ್ ಅದಲು ಬದಲು ಇವತ್ತೇ ಮಾಡಿ, ಹತ್ತು ನಿಮಿಷದ ಕೆಲಸ, ಪ್ಯಾಡ್ ಕಳಚಿ ಹಾಕಿದ್ರೆ ವಾಪಸ್ ತಗೋತಾರಾ ಅಂತ ಮೊದ್ಲು ಷರತ್ತು ಓದ್ಕೊಳ್ಳಿ. ವ್ಯತ್ಯಾಸ ಪ್ಯಾಡ್‌ದು ಅಂತ ಆದ್ರೆ ಹೊಸದನ್ನ ಇಟ್ಕೊಳ್ಳಿ, ಹಳೇದಕ್ಕೆ ಕಂಪನಿಯದ್ದೇ ಹೊಸ ಪ್ಯಾಡ್ ತರಿಸಿ ಹಾಕಿ, ಬೇರೆಯವ್ರದ್ದು ಬೇಡ, ಸ್ಪಂಜಿನ ದಪ್ಪ ಬಟ್ಟೆ ಎಲ್ಲಾ ಬೇರೆ ಇರತ್ತೆ. ಒಂದು ವೇಳೆ ಆ ಕುಸಿದ ಪ್ಯಾಡಿನ ದನಿಯೇ ನಿಮಗೆ ನಿಜವಾಗ್ಲೂ ಇಷ್ಟ ಅಂತ ಆದ್ರೆ ಅದರಲ್ಲಿ ತಪ್ಪೇನೂ ಇಲ್ಲ, ಈಕ್ವಲೈಸರ್‌ನಲ್ಲಿ 3 ಕಿಲೋಹರ್ಟ್ಜ್‌ನಿಂದ ಮೇಲೆ ಒಂದೂವರೆ ಎರಡು ಡೆಸಿಬೆಲ್ ಇಳಿಸಿ ನೋಡಿ, ಬೇಕಾದ್ರೆ ಹಳೇದರ ಪಕ್ಕ ಇಟ್ಟು ಕಾಲು ಕಾಲು ಡೆಸಿಬೆಲ್ ಹೊಂದಿಸ್ತಾ ಹೋಗಿ. ಪ್ಯಾಡ್ ಬದಲಾಯ್ಸಿದ್ಮೇಲೂ ವ್ಯತ್ಯಾಸ ಹೋಗ್ಲಿಲ್ಲ ಅಂದ್ರೆ ಆ ರಟ್ಟಿನ ಮೇಲೆ ಮಾಡಿದ ರೆಕಾರ್ಡಿಂಗ್ ನನಗೆ ಕಳಿಸಿ, ಎಡ ಬಲ ಬೇರೆ ಬೇರೆ, ಪ್ರತಿಯೊಂದನ್ನೂ ಐದು ಸಲ ತೆಗೆದಿಟ್ಟು ಮಾಡಿದ್ದು, ಕೂತು ನೋಡ್ತೀನಿ.